ಸಾಲ ಕೊಡುವವರನ್ನು ಹುಡುಕುವ ಮುನ್ನ: ವಿದ್ಯುತ್ ಜಾಲದ ಹಣಕಾಸಿನ ಹೊಣೆ ಹೊತ್ತವರಿಗೆ ಬಹಿರಂಗ ಪತ್ರ

ಅಭಿವೃದ್ಧಿಶೀಲ ದೇಶಗಳ ಹಣಕಾಸು ಸಚಿವರು, ಇಂಧನ ಸಚಿವರು, ವಿದ್ಯುತ್ ದರ ನಿಯಂತ್ರಣ ಆಯೋಗಗಳ ಅಧ್ಯಕ್ಷರು ಮತ್ತು ಜಾಲಕ್ಕೆ ಸಾಲ ಕೊಡುವ ಬ್ಯಾಂಕುಗಳ ಮುಖ್ಯಸ್ಥರಿಗೆ,

ಮಾನ್ಯರೆ,

ವಿದ್ಯುತ್ ಜಾಲ ಬಲಪಡಿಸುವ ಪ್ರತಿಯೊಂದು ಯೋಜನಾ ವರದಿಯಲ್ಲೂ ‘ಹಣದ ಮೂಲ’ ಎಂಬ ಪುಟ ಇರುತ್ತದೆ. ಅಂತರರಾಷ್ಟ್ರೀಯ ಬ್ಯಾಂಕಿನ ಸಾಲ ಇಷ್ಟು, ಬಾಂಡ್ ಇಷ್ಟು, ಸರ್ಕಾರದ ಬಂಡವಾಳ ಇಷ್ಟು, ಉಳಿದದ್ದು ಖಾಸಗಿಯವರದು ಎಂದು ಅಲ್ಲಿ ಬರೆದಿರುತ್ತದೆ. ಇವೆಲ್ಲ ಕೈಗಡ. ಕೈಗಡ ತೀರಿಸುವ ಜೇಬುಗಳು ಮೂರೇ ಇವೆ: ಬಿಲ್ ಕಟ್ಟುವ ಬಳಕೆದಾರರದು, ತೆರಿಗೆ ಕಟ್ಟುವ ಪ್ರಜೆಗಳದು, ಮರಳಿ ಕೇಳದ ದಾನಿಗಳದು. ಯಾವ ಲೈನಿನ, ಯಾವ ಉಪಕೇಂದ್ರದ ಖರ್ಚು ಈ ಮೂರರಲ್ಲಿ ಯಾವ ಜೇಬಿನಿಂದ, ಎಷ್ಟು ವರ್ಷದಲ್ಲಿ ಬರುತ್ತದೆ ಎಂದು ಮೊದಲೇ ತೀರ್ಮಾನಿಸಿದ ದೇಶಗಳಿಗೆ ಸಾಲ ಸಿಕ್ಕಿದೆ, ಲೈನೂ ಎದ್ದಿದೆ. ಆ ತೀರ್ಮಾನವನ್ನು ಮುಂದೂಡಿದ ಕಡೆ ಸಾಲ ಸಿಕ್ಕರೂ ಅದು ಹಳೆಯ ನಷ್ಟ ತುಂಬುವುದಕ್ಕೇ ಕರಗಿದೆ. ಈ ಪತ್ರ ಬರೆಯುತ್ತಿರುವುದು ಆ ಒಂದು ತೀರ್ಮಾನವನ್ನು ನಿಮ್ಮಿಂದ ಕೇಳುವುದಕ್ಕೆ.

ಬೇಕಾದ ಹಣ ಸಣ್ಣದಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2023ರಲ್ಲಿ ಜಾಲಗಳ ಮೇಲೆಯೇ ಒಂದು ವರದಿ ತಂದಿತು. 2040ರೊಳಗೆ ಜಗತ್ತಿನಾದ್ಯಂತ 8 ಕೋಟಿ ಕಿಲೋಮೀಟರ್ ಲೈನನ್ನು ಹೊಸದಾಗಿ ಎಳೆಯಬೇಕು ಇಲ್ಲವೇ ಬದಲಿಸಬೇಕು. ಆಗ ವರ್ಷಕ್ಕೆ ಸುಮಾರು 30,000 ಕೋಟಿ ಡಾಲರ್ ಇದ್ದ ಹೂಡಿಕೆ 2030ರ ಹೊತ್ತಿಗೆ 60,000 ಕೋಟಿ ದಾಟಬೇಕು ಎಂದು ಅದು ಲೆಕ್ಕ ಹಾಕಿತು. ಚೀನಾ ಬಿಟ್ಟರೆ ಉಳಿದ ಅಭಿವೃದ್ಧಿಶೀಲ ದೇಶಗಳಲ್ಲಿ ಈ ಹೂಡಿಕೆ ಇಳಿಮುಖವಾಗಿದೆ ಎಂಬುದನ್ನೂ ಅದೇ ವರದಿ ಎತ್ತಿ ತೋರಿಸಿತು. ಉತ್ಪಾದನೆಗೆ ಖಾಸಗಿ ಹಣ ಧಾರಾಳವಾಗಿ ಬರುತ್ತಿರುವಾಗ ತಂತಿಗೆ ಯಾಕೆ ಬರುತ್ತಿಲ್ಲ? ವಿತರಣಾ ಕಂಪನಿಯ ಒಂದು ತಿಂಗಳ ಲೆಕ್ಕ ನೋಡಿದರೆ ಉತ್ತರ ಸಿಗುತ್ತದೆ.

ಕಂಪನಿ 100 ಯುನಿಟ್ ಖರೀದಿಸುತ್ತದೆ ಎನ್ನಿ. ತಂತಿಯಲ್ಲಿ ಸೋರಿ, ಕಳವಾಗಿ 25 ಯುನಿಟ್ ಹೋಗುತ್ತದೆ. ಉಳಿದ 75ಕ್ಕೆ ಬಿಲ್ ಆಗುತ್ತದೆ. ಅದರಲ್ಲಿ ಶೇ 90ರಷ್ಟು ವಸೂಲಾದರೆ ಕೈಗೆ ಬಂದದ್ದು 67.5 ಯುನಿಟ್‌ನ ಹಣ. ದರ ನಿಗದಿ ಮಾಡುವಾಗ ಆಯೋಗ ಸೋರಿಕೆ ಶೇ 15, ವಸೂಲಿ ಪೂರ್ತಿ ಎಂದು ಎಣಿಸಿರುತ್ತದೆ. ಅಂದರೆ 85 ಯುನಿಟ್‌ನ ಹಣ ಬರಬೇಕಿತ್ತು. ಐದರಲ್ಲಿ ಒಂದು ಪಾಲು ಖೋತಾ. ಈ ಖೋತಾ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಉತ್ಪಾದಕರ ಕೈಯಲ್ಲಿ ಬ್ಯಾಂಕ್ ಖಾತರಿಯಿದೆ, ಕರೆಂಟ್ ಒಯ್ದರೂ ಬಿಟ್ಟರೂ ಹಣ ಕಟ್ಟಬೇಕೆಂಬ ಕರಾರಿದೆ. ಅವರಿಗೆ ಮೊದಲು ಸಲ್ಲಬೇಕು. ಸಂಬಳ ನಿಲ್ಲಿಸುವಂತಿಲ್ಲ. ಬಡ್ಡಿ ತಪ್ಪಿಸಿದರೆ ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೆ. ಕೇಳುವವರಿಲ್ಲದ ಖರ್ಚು ಒಂದೇ, ನಿರ್ವಹಣೆ. ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪರೀಕ್ಷೆ ನಿಲ್ಲುತ್ತದೆ, ಫೀಡರ್ (ಉಪಕೇಂದ್ರದಿಂದ ಊರಿಗೆ ಹೊರಡುವ ಲೈನು) ಅಡಿಯ ಮರದ ಕೊಂಬೆ ಕಡಿಯುವ ಗುತ್ತಿಗೆ ನವೀಕರಣವಾಗುವುದಿಲ್ಲ, ಸುಟ್ಟ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತುತ್ತಾರೆ. ಮರುವರ್ಷ ಸೋರಿಕೆ 27 ಆಗುತ್ತದೆ. ಜಾಲಕ್ಕೆ ಸಾಲ ಕೊಡಬೇಕಾದ ಬ್ಯಾಂಕು ಈ ಸಾಲಿನ ಕೊನೆಯಲ್ಲಿ ತಾನು ನಿಂತಿರುವುದನ್ನು ನೋಡುತ್ತದೆ. ಹಿಂದೆ ಸರಿಯುವುದು ಅದಕ್ಕೇ.

ಈ ಖೋತಾವನ್ನು ಮುಟ್ಟದೆ ಸಾಲದ ಪುಸ್ತಕವನ್ನಷ್ಟೇ ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಭಾರತವೇ ಸಾಕ್ಷಿ. 2015ರ ‘ಉದಯ್’ ಯೋಜನೆಯಲ್ಲಿ ರಾಜ್ಯ ಸರ್ಕಾರಗಳು ವಿತರಣಾ ಕಂಪನಿಗಳ ಸಾಲದ ಶೇ 75ನ್ನು ತಮ್ಮ ಮೇಲೆ ಹೊತ್ತುಕೊಂಡವು. ಅದಕ್ಕೂ ಮೊದಲು 2012ರಲ್ಲಿ, ಅದಕ್ಕೂ ಹಿಂದೆ 2000ದ ದಶಕದ ಆರಂಭದಲ್ಲಿ ಇಂಥ ಪಾರುಗಾಣಿಕೆ ಆಗಿತ್ತು. ಒಂದೆರಡು ವರ್ಷ ಬಡ್ಡಿಯ ಹೊರೆ ಇಳಿದು ಲೆಕ್ಕ ಚೆನ್ನಾಗಿ ಕಂಡಿತು. ದರಕ್ಕೂ ಖರ್ಚಿಗೂ ನಡುವಿನ ಅಂತರ ಹಾಗೇ ಉಳಿದ ರಾಜ್ಯಗಳಲ್ಲಿ ನಷ್ಟ ಮತ್ತೆ ಗುಡ್ಡೆಬಿತ್ತು. ಪಾಕಿಸ್ತಾನದಲ್ಲಿ ವಿತರಣಾ ಕಂಪನಿ ಉತ್ಪಾದಕರಿಗೆ, ಉತ್ಪಾದಕರು ಇಂಧನ ಕೊಟ್ಟವರಿಗೆ ಬಾಕಿ ಉಳಿಸಿಕೊಳ್ಳುತ್ತಾ ಹೋದ ಸರಪಳಿ ಸಾಲ 2 ಲಕ್ಷ ಕೋಟಿ ಪಾಕಿಸ್ತಾನಿ ರೂಪಾಯಿ ಮೀರಿತು. ಆ ಸರಪಳಿಯಲ್ಲಿ ಹೊಸ ಸಬ್‌ಸ್ಟೇಷನ್ನಿಗೆ ಜಾಗವೇ ಇರುವುದಿಲ್ಲ.

ಹಾಗಾಗಿ ಮೊದಲ ಸಾಲ ಸೋರಿಕೆ ತಡೆಯುವುದಕ್ಕೆ ಹೋಗಬೇಕು. ಜಾಲದ ಕೆಲಸಗಳಲ್ಲಿ ತನ್ನ ಖರ್ಚನ್ನು ತಾನೇ ದುಡಿದು ತೀರಿಸುವ ಕೆಲಸ ಇದು. ಇದನ್ನು ಕೆಡಿಸುವ ವಿಧಗಳೂ ಹಲವಿರುವುದರಿಂದ ತುಸು ವಿವರವಾಗಿಯೇ ಹೇಳಬೇಕು.

ಆರಂಭ ಮನೆಯ ಮೀಟರಿನಿಂದ ಆಗಬಾರದು. ಮೊದಲು ಪ್ರತಿ ಫೀಡರಿಗೆ, ನಂತರ ಪ್ರತಿ ವಿತರಣಾ ಟ್ರಾನ್ಸ್‌ಫಾರ್ಮರಿಗೆ ಮೀಟರ್ ಬೇಕು. ಅದರ ಜೊತೆಗೇ ಯಾವ ಮನೆ ಯಾವ ಟ್ರಾನ್ಸ್‌ಫಾರ್ಮರಿನ ಕೆಳಗೆ, ಕರೆಂಟ್ ತರುವ ಮೂರು ತಂತಿಗಳಲ್ಲಿ ಯಾವುದರಲ್ಲಿ ಅಂದರೆ ಯಾವ ಫೇಸ್‌ನಲ್ಲಿದೆ ಎಂಬ ಪಟ್ಟಿ ಆಗಬೇಕು. ಈ ಪಟ್ಟಿಯಿಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಮೀಟರಿನ ಅಂಕಿಯನ್ನು ಯಾವುದರ ಜೊತೆ ಹೋಲಿಸುವುದು? ಮೀಟರ್ ಹಾಕಿದ ಗುತ್ತಿಗೆದಾರನ ಬಿಲ್ ಪಾಸಾಗುತ್ತದೆ, ಸೋರಿಕೆ ಎಲ್ಲಿದೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಮೀಟರಿಗೆ ಕರೆಂಟಿನ ಅಳತೆ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರನ್ನು ತಿರುಗುಮುರುಗು ಜೋಡಿಸಿ ಒಂದು ಫೇಸ್ ಕಳೆಯುವ ಲೆಕ್ಕಕ್ಕೆ ಬೀಳುವುದು ಎಷ್ಟೋ ಕಡೆ ಆಗುವ ತಪ್ಪು. ಅಳವಡಿಕೆಯ ದಿನವೇ ಮೂರು ಫೇಸ್‌ಗಳನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿದರೆ ಹೊರತು ವರ್ಷಗಟ್ಟಲೆ ಪತ್ತೆಯಾಗುವುದಿಲ್ಲ. ಪಟ್ಟಿಯೂ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಲೋಡ್ ಹೆಚ್ಚಾಯಿತೆಂದು ಲೈನ್‌ಮನ್ ನಾಲ್ಕು ಮನೆಗಳನ್ನು ಪಕ್ಕದ ಟ್ರಾನ್ಸ್‌ಫಾರ್ಮರಿಗೆ ಬದಲಿಸಿದ ದಿನವೇ ಅದು ದಾಖಲಾಗಬೇಕು.

ಈ ಲೆಕ್ಕ ಕೈಗೆ ಬಂದ ಮೇಲೆ ಸೋರಿಕೆ ಎರಡಾಗಿ ಒಡೆಯುತ್ತದೆ. ತಂತಿ ಬಿಸಿಯಾಗಿ ಹೋಗುವುದು ಒಂದು, ಕೊಕ್ಕೆ ಹಾಕಿ ಒಯ್ಯುವುದು ಇನ್ನೊಂದು. ಎರಡಕ್ಕೂ ಮದ್ದು ಬೇರೆ, ಹೂಡಿಕೆ ಬೇರೆ. ಬಿಸಿಯಾಗುವ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದೇ ಲೋಡನ್ನು ಎರಡು ಪಟ್ಟು ವೋಲ್ಟೇಜಿನಲ್ಲಿ ಒಯ್ದರೆ ಕರೆಂಟ್ ಅರ್ಧ, ನಷ್ಟ ಕಾಲು. ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು, ಅಂದರೆ ಪವರ್ ಫ್ಯಾಕ್ಟರ್, 0.75ರಿಂದ 0.95ಕ್ಕೆ ಏರಿದರೆ ಅದೇ ಲೋಡಿಗೆ ತಂತಿಯ ನಷ್ಟ ಶೇ 38ರಷ್ಟು ಇಳಿಯುತ್ತದೆ. ಅದಕ್ಕೆ ಬೇಕಾಗುವುದು ಕೆಪಾಸಿಟರ್ ಮಾತ್ರ, ಲೈನಿನ ಖರ್ಚಿನ ಮುಂದೆ ಅದು ಅತ್ಯಲ್ಪ. ಆದರೂ ಕೆಪಾಸಿಟರ್ ಯೋಜನೆಗಳು ಸೋಲುವುದನ್ನು ನೋಡುತ್ತೇವೆ. ಕಾರಣ ಸರಳ. ಸ್ವಿಚ್ ಇಲ್ಲದ ಸ್ಥಿರ ಕೆಪಾಸಿಟರ್ ರಾತ್ರಿ ಲೋಡ್ ಇಳಿದಾಗ ವೋಲ್ಟೇಜ್ ಏರಿಸುತ್ತದೆ, ಬಲ್ಬ್ ಸುಡುತ್ತದೆ, ದೂರು ಬರುತ್ತದೆ, ಸಿಬ್ಬಂದಿ ಫ್ಯೂಸ್ ತೆಗೆದುಬಿಡುತ್ತಾರೆ. ಮತ್ತೆ ಹಾಕುವವರಿಲ್ಲ. ತಾನೇ ಸೇರಿ ತಾನೇ ಬಿಡುವ ಕೆಪಾಸಿಟರ್ ಗುಂಪುಗಳನ್ನು ಫೀಡರಿನ ಮೂರನೇ ಎರಡು ಭಾಗದ ದೂರದಲ್ಲಿ ಇಟ್ಟರೆ ಈ ತೊಂದರೆ ಬಹುಮಟ್ಟಿಗೆ ನಿಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚು ನಷ್ಟ ತಿನ್ನುವುದು ಒಂದೆರಡು ಕಿಲೋಮೀಟರ್ ಎಳೆದ ಕಡಿಮೆ ವೋಲ್ಟೇಜಿನ ಲೈನು. 400 ವೋಲ್ಟಿನ ಆ ಲೈನಿನ ತುದಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ, ಮೋಟಾರು ಅದೇ ಕೆಲಸಕ್ಕೆ ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ, ಕುಸಿತ ಮತ್ತೂ ಹೆಚ್ಚುತ್ತದೆ. ಪರಿಹಾರ ಗೊತ್ತಿರುವುದೇ: 11 ಕಿಲೋವೋಲ್ಟ್ ಲೈನನ್ನೇ ಮನೆಗಳ ಹತ್ತಿರಕ್ಕೆ ತಂದು, ದೊಡ್ಡದೊಂದು ಟ್ರಾನ್ಸ್‌ಫಾರ್ಮರಿನ ಬದಲು 16 ಅಥವಾ 25 ಕೆವಿಎಯ ಸಣ್ಣವನ್ನು ಅಲ್ಲಲ್ಲಿ ಇಟ್ಟು, ಅಲ್ಲಿಂದ ಮುಂದೆ ಹೊದಿಕೆಯಿರುವ ಹೆಣೆದ ಕೇಬಲ್ ಎಳೆಯುವುದು. ಬರಿಯ ತಂತಿಯಿಲ್ಲದ ಕಡೆ ಕೊಕ್ಕೆ ನಿಲ್ಲುವುದಿಲ್ಲವಾದ್ದರಿಂದ ಕಳವೂ ತಗ್ಗುತ್ತದೆ. ಇಲ್ಲೊಂದು ಬಲೆಯಿದೆ. ಟ್ರಾನ್ಸ್‌ಫಾರ್ಮರಿನ ಉಕ್ಕಿನ ಗರ್ಭ ಲೋಡ್ ಇರಲಿ ಬಿಡಲಿ ದಿನದ 24 ಗಂಟೆಯೂ ಕರೆಂಟ್ ತಿನ್ನುತ್ತದೆ. ಸಂಖ್ಯೆ ಹೆಚ್ಚಾದಷ್ಟೂ ಈ ನಷ್ಟ ಹೆಚ್ಚು. ಕಡಿಮೆ ಬೆಲೆಯ ಟೆಂಡರಿನಲ್ಲಿ ಗೆದ್ದ ಟ್ರಾನ್ಸ್‌ಫಾರ್ಮರ್ ಒಳ್ಳೆಯದಕ್ಕಿಂತ 100 ವಾಟ್ ಹೆಚ್ಚು ತಿಂದರೆ ವರ್ಷಕ್ಕೆ 876 ಯುನಿಟ್, 25 ವರ್ಷದ ಆಯಸ್ಸಿನಲ್ಲಿ ಸುಮಾರು 22,000 ಯುನಿಟ್ ಹೋಯಿತು. ಖರೀದಿಯಲ್ಲಿ ಉಳಿಸಿದ್ದು ಅದರ ಹತ್ತಿರಕ್ಕೂ ಬರುವುದಿಲ್ಲ. ಟೆಂಡರಿನ ಬೆಲೆಗೆ ಆಯಸ್ಸಿನುದ್ದದ ಲೋಡಿಲ್ಲದ ನಷ್ಟದ ಮೌಲ್ಯ, ಲೋಡಿನ ನಷ್ಟದ ಮೌಲ್ಯ ಎರಡನ್ನೂ ಕೂಡಿಸಿ ಹೋಲಿಸುವ ವಿಧಾನ ದಶಕಗಳಿಂದ ಇದೆ. ಸರ್ಕಾರಿ ಖರೀದಿ ನಿಯಮ ‘ಅತಿ ಕಡಿಮೆ ಬೆಲೆ’ ಎಂದಷ್ಟೇ ಹೇಳುವ ಕಡೆ ಅದಕ್ಕೆ ಅವಕಾಶವಿಲ್ಲ. ಹಣಕಾಸು ಸಚಿವಾಲಯ ಮನಸ್ಸು ಮಾಡಿದರೆ ಒಂದು ಸುತ್ತೋಲೆಯಲ್ಲಿ ಸರಿಮಾಡಬಹುದಾದದ್ದು ಇದು. ಬಂದ ಸರಕಿನಲ್ಲಿ ಕೈಗೆ ಸಿಕ್ಕಿದ ಕೆಲವನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಿ ನಷ್ಟ ಅಳೆಸುವ ಶರತ್ತೂ ಅದರಲ್ಲಿರಲಿ.

ದೂರಕ್ಕೆ ವಿದ್ಯುತ್ ಒಯ್ಯುವ ಪ್ರಸರಣ ಲೈನುಗಳಲ್ಲಿ ಹೊಸ ಗೋಪುರಕ್ಕೆ ಮೊದಲು ಹಳೆಯದನ್ನು ನೋಡಬೇಕು. ಉಕ್ಕಿನ ಎಳೆಯ ಸುತ್ತ ಅಲ್ಯೂಮಿನಿಯಂ ಹೆಣೆದ ಸಾಮಾನ್ಯ ತಂತಿಯನ್ನು 75ರಿಂದ 85 ಡಿಗ್ರಿ ಬಿಸಿಯವರೆಗೆ ಓಡಿಸುತ್ತಾರೆ; ಅದಕ್ಕಿಂತ ಮೇಲೆ ಜೋಲು ಹೆಚ್ಚಿ ನೆಲಕ್ಕೆ ಹತ್ತಿರವಾಗುತ್ತದೆ. ಹೆಚ್ಚು ಬಿಸಿ ತಾಳಿಯೂ ಜೋಲದ ತಂತಿಗಳು 150 ಡಿಗ್ರಿ ದಾಟಿ ಕೆಲಸ ಮಾಡುತ್ತವೆ. ಅದೇ ಗೋಪುರ, ಅದೇ ಜಾಗದಲ್ಲಿ ಸಾಮರ್ಥ್ಯ ಎರಡು ಪಟ್ಟಿನ ತನಕ ಏರುತ್ತದೆ; ಭೂಪರಿಹಾರದ ತಕರಾರಿಲ್ಲ. ತಂತಿ ಬದಲಿಸಿ ತುದಿಯ ಐಸೊಲೇಟರ್, ಕರೆಂಟ್ ಟ್ರಾನ್ಸ್‌ಫಾರ್ಮರ್, ಜಂಪರ್ ಬದಲಿಸದೆ ಬಿಟ್ಟರೆ ಲೈನು ಹಳೆಯ ಮಿತಿಗೇ ಕಟ್ಟುಬೀಳುತ್ತದೆ. ಅಂದಾಜು ಪಟ್ಟಿಯಲ್ಲಿ ಈ ಸಣ್ಣ ಸಾಮಾನುಗಳು ಇವೆಯೇ ಎಂದು ಸಾಲ ಕೊಡುವವರು ಕೇಳಬೇಕು. ಬಹಳ ಉದ್ದದ ಲೈನುಗಳಿಗೆ ಈ ಉಪಾಯ ಹೊಂದುವುದಿಲ್ಲ. ಅಲ್ಲಿ ಮಿತಿ ಹಾಕುವುದು ವೋಲ್ಟೇಜೂ ಸ್ಥಿರತೆಯೂ ಹೊರತು ಬಿಸಿಯಲ್ಲ.

ಇನ್ನು ಸಾಲದ ಅವಧಿ. ಪ್ರಸರಣ ಲೈನು 35–40 ವರ್ಷ ಬಾಳುತ್ತದೆ. ಅನೇಕ ದೇಶಗಳ ಸ್ಥಳೀಯ ಬ್ಯಾಂಕುಗಳು 7 ವರ್ಷಕ್ಕಿಂತ ಉದ್ದದ ಸಾಲ ಕೊಡಲು ಹಿಂಜರಿಯುತ್ತವೆ. ಯಾವ ನಾಣ್ಯದಲ್ಲಾದರೂ ಸರಿ, 100 ಕೋಟಿಯ ಸಾಲಕ್ಕೆ ಶೇ 10 ಬಡ್ಡಿಯೆಂದು ಹಿಡಿದು ವಾರ್ಷಿಕ ಸಮಕಂತು ಲೆಕ್ಕ ಹಾಕಿ: 7 ವರ್ಷಕ್ಕೆ 20.5 ಕೋಟಿ, 15 ವರ್ಷಕ್ಕೆ 13.1 ಕೋಟಿ, 30 ವರ್ಷಕ್ಕೆ 10.6 ಕೋಟಿ. ಅದೇ ಲೈನು, ಅದೇ ಬಡ್ಡಿ. ಅವಧಿ ಗಿಡ್ಡವಾದದ್ದಕ್ಕೇ ಇಂದಿನ ಬಳಕೆದಾರರು ಎರಡು ಪಟ್ಟು ಕಟ್ಟಬೇಕು. ದರ ಏರಿಕೆಗೆ ಬರುವ ವಿರೋಧದಲ್ಲಿ ಒಂದು ಪಾಲು ಈ ಗಿಡ್ಡ ಸಾಲದ್ದು ಎಂಬುದನ್ನು ದರ ವಿಚಾರಣೆಗಳಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ಉದ್ದನೆಯ ಹಣ ಇರುವುದು ಪಿಂಚಣಿ ನಿಧಿಗಳಲ್ಲಿ, ವಿಮೆ ಕಂಪನಿಗಳಲ್ಲಿ. ಅವರಿಗೆ ಕಟ್ಟುವ ಹಂತದ ಅಪಾಯ ಬೇಡ. ಕಟ್ಟಿ ಮುಗಿದು ತಿಂಗಳು ತಿಂಗಳು ಬಾಡಿಗೆ ತರುವ ಲೈನು ಬೇಕು. ಆದ್ದರಿಂದ ಎರಡು ಹೆಜ್ಜೆಯಲ್ಲಿ ನಡೆಯುವುದು ಲೇಸು. ನಿರ್ಮಾಣದ ಮೂರ್ನಾಲ್ಕು ವರ್ಷ ಅಭಿವೃದ್ಧಿ ಬ್ಯಾಂಕಿನ ಸಾಲ, ಸರ್ಕಾರದ ಬಂಡವಾಳ. ಲೈನು ಚಾಲೂ ಆದ ಮೇಲೆ ಅದನ್ನು ಹೂಡಿಕೆದಾರರ ಹಣ ಕೂಡಿಸುವ ಟ್ರಸ್ಟಿಗೆ ವರ್ಗಾಯಿಸಿ, ಪಾಲು ಮಾರಿ, ಬಂದ ಹಣದಿಂದ ಮುಂದಿನ ಲೈನು. ಭಾರತದಲ್ಲಿ 2017ರಲ್ಲಿ ಇಂಡಿಗ್ರಿಡ್, 2021ರಲ್ಲಿ ಪವರ್‌ಗ್ರಿಡ್ ಟ್ರಸ್ಟ್ ಈ ದಾರಿಯಲ್ಲಿ ಷೇರುಪೇಟೆಗೆ ಬಂದವು. ಮಾರಿ ಬಂದ ಹಣ ಬಜೆಟ್ಟಿನ ಕೊರತೆ ತುಂಬಲು ಹೋಗದಂತೆ ಕಾನೂನಿನಲ್ಲೇ ಕಟ್ಟಿಹಾಕದಿದ್ದರೆ ಈ ಉಪಾಯದಿಂದ ಜಾಲಕ್ಕೆ ಉಳಿಯುವುದು ಏನೂ ಇಲ್ಲ.

ಡಾಲರ್ ಸಾಲದ ಬಗ್ಗೆ ಎಚ್ಚರಿಕೆಯ ಮಾತು. ಬಿಲ್ ವಸೂಲಾಗುವುದು ದೇಶದ ನಾಣ್ಯದಲ್ಲಿ. ಡಾಲರಿನಲ್ಲಿ ಶೇ 5, ದೇಶದ ನಾಣ್ಯದಲ್ಲಿ ಶೇ 12 ಬಡ್ಡಿ ಇದ್ದಾಗ ಡಾಲರೇ ಅಗ್ಗ ಎನಿಸುತ್ತದೆ. ಡಾಲರಿನ ಬೆಲೆ ವರ್ಷಕ್ಕೆ ಶೇ 6.7ರಷ್ಟು ಏರಿದರೆ ಎರಡೂ ಸಮ. ಏರಿಕೆ ವರ್ಷ ವರ್ಷ ಮೆಲ್ಲಗೆ ಆಗುವುದೂ ಇಲ್ಲ. ಹಿಡಿದಿಟ್ಟ ದರ ಒಮ್ಮೆಗೇ ಜಾರುತ್ತದೆ. 2023ರ ಜೂನಿನಲ್ಲಿ ನೈಜೀರಿಯಾ ವಿನಿಮಯ ದರವನ್ನು ಸಡಿಲಿಸಿದಾಗ ನೈರಾ ಕೆಲವೇ ವಾರಗಳಲ್ಲಿ ಮೂರನೇ ಒಂದಕ್ಕೂ ಹೆಚ್ಚು ಬೆಲೆ ಕಳೆದುಕೊಂಡಿತು. ಅಂಥ ದಿನ ಕಂಪನಿಯ ಸಾಲ ರಾತ್ರೋರಾತ್ರಿ ಒಂದೂವರೆ ಪಟ್ಟಾಗುತ್ತದೆ, ಬಿಲ್ ಮಾತ್ರ ಹಳೆಯದೇ. ನಮ್ಮ ಸಲಹೆ ಇಷ್ಟು: ಅಂದಾಜು ಪಟ್ಟಿಯನ್ನು ಎರಡಾಗಿ ಒಡೆಯಿರಿ. ದೊಡ್ಡ ಪವರ್ ಟ್ರಾನ್ಸ್‌ಫಾರ್ಮರ್, ಅನಿಲ ತುಂಬಿದ ಸ್ವಿಚ್‌ಗೇರ್, ರಿಲೇ, ವಿಶೇಷ ತಂತಿ ಇವು ಆಮದು. ಅಡಿಪಾಯ, ಕಂಬ, ಕೂಲಿ, ಭೂಪರಿಹಾರ, ಬಹಳ ಕಡೆ ಗೋಪುರದ ಉಕ್ಕು ಕೂಡ ದೇಶದ್ದೇ. ಡಾಲರ್ ಸಾಲ ಮೊದಲ ಗುಂಪಿಗಷ್ಟೇ ಸಾಕು. ಅದಕ್ಕೂ ವಿನಿಮಯದ ರಕ್ಷಣೆ ಖರೀದಿಸಬಹುದು; ಬಡ ದೇಶಗಳ ನಾಣ್ಯಗಳಿಗೆ ಈ ರಕ್ಷಣೆ ಕೊಡಲೆಂದೇ ಅಭಿವೃದ್ಧಿ ಬ್ಯಾಂಕುಗಳು ಸೇರಿ 2007ರಲ್ಲಿ ಟಿಸಿಎಕ್ಸ್ ಎಂಬ ನಿಧಿ ಕಟ್ಟಿವೆ. ರಕ್ಷಣೆಯ ಬೆಲೆ ಹೆಚ್ಚೆನಿಸಿದರೆ, ಆ ಅಪಾಯ ಈಗಾಗಲೇ ನಿಮ್ಮ ಬಳಕೆದಾರರ ತಲೆಯ ಮೇಲಿದೆ ಎಂದು ಅರ್ಥ.

ಖಾಸಗಿ ಹಣ ಪ್ರಸರಣಕ್ಕೆ ಹೊಂದುತ್ತದೆ, ಸರಿಯಾದ ಕರಾರಿದ್ದರೆ. ಬ್ರೆಜಿಲ್ 1990ರ ದಶಕದ ಕೊನೆಯಿಂದ ಹೊಸ ಲೈನುಗಳನ್ನು ಹರಾಜಿಗಿಡುತ್ತಿದೆ. ವರ್ಷಕ್ಕೆ ಅತಿ ಕಡಿಮೆ ಆದಾಯ ಕೇಳಿದವರಿಗೆ 30 ವರ್ಷದ ಗುತ್ತಿಗೆ. ಲೈನಿನಲ್ಲಿ ಎಷ್ಟು ಯುನಿಟ್ ಹರಿಯಿತು ಎಂಬುದಕ್ಕೂ ಹಣಕ್ಕೂ ಸಂಬಂಧವಿಲ್ಲ. ಲೈನು ಸಿದ್ಧವಿದ್ದರೆ ಪೂರ್ತಿ ಹಣ, ಕೆಟ್ಟು ನಿಂತ ಗಂಟೆಗಳಿಗೆ ಕಡಿತ. ಪೆರುವಿನಲ್ಲೂ ಇದೇ ಬಗೆಯ ದೀರ್ಘ ಗುತ್ತಿಗೆಗಳಿವೆ. ಭಾರತದ ಅಂತರರಾಜ್ಯ ಲೈನುಗಳಲ್ಲಿ ಇನ್ನೊಂದು ಅನುಕೂಲ ಸೇರಿದೆ: ಶುಲ್ಕವೆಲ್ಲ ಒಂದೇ ಕಣಜಕ್ಕೆ ಬಂದು ಎಲ್ಲ ಲೈನುಗಳ ಮಾಲೀಕರಿಗೆ ಹಂಚಿಕೆಯಾಗುತ್ತದೆ. ಒಂದು ವಿತರಣಾ ಕಂಪನಿ ತಪ್ಪಿದರೆ ಹೊಡೆತ ಒಬ್ಬರ ಮೇಲೇ ಬೀಳದು. ಖಾಸಗಿ ಸಾಲದ ಬಡ್ಡಿ ಇಳಿಸಿದ್ದರಲ್ಲಿ ಈ ಕಣಜದ ಪಾಲು ದೊಡ್ಡದು ಎಂದೇ ನಮ್ಮ ಎಣಿಕೆ. ಸಣ್ಣ ದೇಶಗಳು ಇದನ್ನು ಹೆಚ್ಚು ಗಮನಿಸಬೇಕು.

ಹರಾಜಿಗೂ ಅಪಾಯಗಳಿವೆ. ಬ್ರೆಜಿಲಿನಲ್ಲಿ ಹಲವು ಲೈನುಗಳನ್ನು ಗೆದ್ದಿದ್ದ ವಿದೇಶಿ ಕಂಪನಿಯೊಂದು 2015ರ ಕೊನೆಗೆ ತನ್ನ ದೇಶದಲ್ಲೇ ಹಣದ ಮುಗ್ಗಟ್ಟಿಗೆ ಸಿಕ್ಕಿದಾಗ ಸಾವಿರಾರು ಕಿಲೋಮೀಟರ್ ಕೆಲಸ ಅರ್ಧಕ್ಕೆ ನಿಂತಿತು. ಒಬ್ಬ ಬಿಡ್ಡುದಾರ ಏಕಕಾಲಕ್ಕೆ ಹೊರಬಹುದಾದ ಕೆಲಸಕ್ಕೆ ಮಿತಿ, ಕೆಲಸ ಮುಗಿಸಿಕೊಡುವುದಕ್ಕೆ ಸಾಕಷ್ಟು ದೊಡ್ಡ ಖಾತರಿ, ಅರ್ಧಕ್ಕೆ ಬಿಟ್ಟರೆ ಗುತ್ತಿಗೆ ವಾಪಸು ಪಡೆಯಲು ತಿಂಗಳುಗಳ ಲೆಕ್ಕದ ಗಡುವು ಕರಾರಿನಲ್ಲಿರಬೇಕು. ತಂತಿ ಹಾಯುವ ದಾರಿಯದು ಮತ್ತೊಂದು. ಚಿಲಿಯಲ್ಲಿ 753 ಕಿಲೋಮೀಟರಿನ ಕಾರ್ಡೋನೆಸ್–ಪೋಲ್‌ಪೈಕೊ ಲೈನು ಕೊನೆಯ ತುಂಡುಗಳ ಭೂತಕರಾರಿನಿಂದ ಒಂದು ವರ್ಷಕ್ಕೂ ಹೆಚ್ಚು ತಡವಾಗಿ 2019ರಲ್ಲಿ ಪೂರ್ಣಗೊಂಡಿತು. ಅಷ್ಟು ದಿನ ಉತ್ತರದ ಸೌರ ವಿದ್ಯುತ್ತಿಗೆ ಹೋಗುವ ದಾರಿ ಸಾಲದೆ ಹೋಯಿತು. ಯಾವ ಲೈನೇ ಆಗಲಿ, ಶೇ 98 ಮುಗಿದರೂ ಕೊನೆಯ ತುಂಡು ಸೇರುವವರೆಗೆ ಈ ತುದಿಯಿಂದ ಆ ತುದಿಗೆ ಹರಿಯುವ ವಿದ್ಯುತ್ ಸೊನ್ನೆ. ಶೇ 10 ಬಡ್ಡಿಯ 100 ಕೋಟಿಯ ಕೆಲಸ ಮೂರು ವರ್ಷದಲ್ಲಿ ಮುಗಿಯುವಾಗ ಸುಮಾರು 15 ಕೋಟಿ ಬಡ್ಡಿ ಸೇರಿರುತ್ತದೆ. ಆಮೇಲೆ ಸುಮ್ಮನೆ ನಿಂತ ಒಂದು ವರ್ಷಕ್ಕೆ ಇನ್ನೂ 11ರಿಂದ 12 ಕೋಟಿ. ಆ ಕೊನೆಯ ತುಂಡಿನ ರೈತರಿಗೆ ಮೊದಲೇ ನ್ಯಾಯವಾದ ಪರಿಹಾರ ಕೊಟ್ಟಿದ್ದರೆ ಅದರ ಸಣ್ಣ ಪಾಲೂ ಆಗುತ್ತಿರಲಿಲ್ಲ. ಪರಿಹಾರವನ್ನು ಗೋಪುರದ ಪಾದಕ್ಕೆ ಮಾತ್ರ ಕೊಟ್ಟು ತಂತಿಯ ಕೆಳಗಿನ ಜಮೀನನ್ನು ಲೆಕ್ಕಕ್ಕೆ ಹಿಡಿಯದ ಕಡೆಯೆಲ್ಲ ತಕರಾರು ಎದ್ದಿದೆ, ಏಳಲೇಬೇಕು ಕೂಡ.

ಸ್ಥಾವರ, ಲೈನು, ಉಪಕೇಂದ್ರ ಮೂರಕ್ಕೂ ಮೂರು ಸಾಲ, ಮೂರು ಇಲಾಖೆ, ಮೂರು ಗಡುವು ಆದಾಗ ಇನ್ನೊಂದು ಬಗೆಯ ನಷ್ಟವಾಗುತ್ತದೆ. ಕೆನ್ಯಾದ ಲೇಕ್ ತುರ್ಕಾನಾದಲ್ಲಿ 310 ಮೆಗಾವಾಟಿನ ಗಾಳಿ ಸ್ಥಾವರ 2017ರಲ್ಲೇ ಸಿದ್ಧವಾಯಿತು. 400 ಕಿಲೋಮೀಟರಿಗೂ ಉದ್ದದ ಸರ್ಕಾರಿ ಲೈನು, ಗುತ್ತಿಗೆದಾರ ಕಂಪನಿ ದಿವಾಳಿಯಾದದ್ದೂ ಸೇರಿ, 2018ರ ಸೆಪ್ಟೆಂಬರ್‌ವರೆಗೆ ಎಳೆಯಿತು. ಕರಾರಿನ ಪ್ರಕಾರ ಬಳಸದ ವಿದ್ಯುತ್ತಿಗೂ ಹಣ ಕೊಡಬೇಕಾಯಿತು. ಸ್ಥಾವರಕ್ಕೆ ಎರಡು ವರ್ಷ ಸಾಕು, ಲೈನಿಗೆ ಐದು ವರ್ಷ ಬೇಕು, ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಆರ್ಡರ್ ಕೊಟ್ಟ ಮೇಲೆ ಈಗ ಎರಡು ವರ್ಷಕ್ಕಿಂತ ಹೆಚ್ಚು ಕಾಯಬೇಕು. ಆದ್ದರಿಂದ ಗಾಳಿ, ಬಿಸಿಲು ಚೆನ್ನಾಗಿರುವ ಪ್ರದೇಶವನ್ನು ಮೊದಲು ಗುರುತಿಸಿ, ಲೈನು ಮತ್ತು ಟ್ರಾನ್ಸ್‌ಫಾರ್ಮರಿನ ಆರ್ಡರ್ ಮೊದಲು ಹೊರಡಿಸಿ, ಸ್ಥಾವರದ ಹರಾಜು ಆಮೇಲೆ ಕರೆಯಬೇಕು. ಸಾಲದ ಪತ್ರಕ್ಕೆ ಸಹಿ ಮಾಡಿ ಟೆಂಡರ್ ಸಿದ್ಧವಿಲ್ಲದೆ ಕೂತರೆ ಎತ್ತದ ಹಣಕ್ಕೂ ಶುಲ್ಕ ಓಡುತ್ತದೆ. ವಿಶ್ವಬ್ಯಾಂಕಿನ ಸಾಮಾನ್ಯ ಸಾಲದಲ್ಲಿ 2023ರಲ್ಲಿ ಅದು ವರ್ಷಕ್ಕೆ ಶೇ 0.25 ಇತ್ತು.

ವಿತರಣೆಯನ್ನು ಖಾಸಗಿಗೆ ವಹಿಸುವ ವಿಷಯದಲ್ಲಿ ಒಂದೇ ಮಾತು. ಉಗಾಂಡದಲ್ಲಿ 2005ರಿಂದ 20 ವರ್ಷದ ಗುತ್ತಿಗೆಯಲ್ಲಿ ಸೋರಿಕೆ ಸುಮಾರು ಶೇ 38ರಿಂದ ಶೇ 17ರ ಆಸುಪಾಸಿಗೆ ಇಳಿಯಿತು. 2025ರಲ್ಲಿ ಗುತ್ತಿಗೆ ಮುಗಿದಾಗ ಇನ್ನೂ ವಾಪಸಾಗದ ಹೂಡಿಕೆ ಎಷ್ಟು ಎಂಬುದೇ ವಿವಾದವಾಯಿತು. ಪ್ರತಿ ವರ್ಷದ ಹೂಡಿಕೆಯನ್ನು ಆಯೋಗ ಅದೇ ವರ್ಷ ಪರಿಶೀಲಿಸಿ ಒಪ್ಪಿದ ಅಥವಾ ತಳ್ಳಿದ ದಾಖಲೆ ಇದ್ದರೆ ಕೊನೆಯಲ್ಲಿ ಜಗಳಕ್ಕೆ ವಸ್ತುವೇ ಉಳಿಯುವುದಿಲ್ಲ.

ಹೊಸ ಮನೆಗಳಿಗೆ ಕರೆಂಟ್ ಮುಟ್ಟಿಸುವುದು ಪೂರಾ ಬೇರೆ ಲೆಕ್ಕ. ತಿಂಗಳಿಗೆ 30 ಯುನಿಟ್ ಬಳಸುವ ಮನೆಯ ಬಿಲ್ಲಿನಿಂದ ಅದಕ್ಕಾಗಿ ಎಳೆದ ಲೈನಿನ ಸಾಲ ಎಂದೂ ತೀರದು. ಈ ಖರ್ಚು ತೆರಿಗೆ ಮತ್ತು ದಾನದ ಜೇಬಿನದು ಎಂದು ನೇರವಾಗಿ ಒಪ್ಪಿ ಬಜೆಟ್ಟಿನಲ್ಲಿ ಬರೆಯಬೇಕು. ಕೆನ್ಯಾ 2015ರಲ್ಲಿ ಸಂಪರ್ಕ ಶುಲ್ಕವನ್ನು 35,000 ಶಿಲಿಂಗಿನಿಂದ 15,000ಕ್ಕೆ ಇಳಿಸಿ ಕಂತಿನಲ್ಲಿ ಕಟ್ಟಲು ಬಿಟ್ಟಾಗ ಲಕ್ಷಾಂತರ ಮನೆಗಳು ಸೇರಿದವು. ಹೊಸ ಬಳಕೆದಾರರ ಬಳಕೆ ತೀರ ಕಡಿಮೆಯಿದ್ದದ್ದರಿಂದ ನಿರ್ವಹಣೆಯ ಹೊರೆ ಕಂಪನಿಯ ಮೇಲೆ ಉಳಿಯಿತು. ಸಂಪರ್ಕದ ಖರ್ಚಿಗೆ ಅನುದಾನ ಕೊಟ್ಟರೆ ಸಾಲದು. ಮೊದಲ ಐದಾರು ವರ್ಷದ ನಿರ್ವಹಣೆಗೂ ಪ್ರತಿ ಮನೆಗೆ ಇಷ್ಟೆಂದು ಇಡಬೇಕು. ಅಗ್ಗದ ವಿನ್ಯಾಸವೂ ನೆರವಾಗುತ್ತದೆ. ಟುನೀಷಿಯಾ 1970ರ ದಶಕದಲ್ಲಿ ಮೂರು ಫೇಸಿನ ಮುಖ್ಯ ಲೈನಿನಿಂದ ಒಂಟಿ ಫೇಸಿನ ಕವಲು ತೆಗೆಯುವ ವಿಧಾನಕ್ಕೆ ಹೊರಳಿ ಹಳ್ಳಿಗಳಿಗೆ ಕರೆಂಟ್ ಮುಟ್ಟಿಸುವ ಖರ್ಚು ಇಳಿಸಿತು. ನೆಲವನ್ನೇ ಮರಳುದಾರಿ ಮಾಡುವ ಒಂಟಿತಂತಿ ಲೈನು ಇನ್ನೂ ಅಗ್ಗ, ಆದರೆ ಒಣನೆಲದಲ್ಲಿ ಭೂಸಂಪರ್ಕದ ಕಡ್ಡಿಗಳ ಪ್ರತಿರೋಧ ಏರಿ ಅಪಾಯವಾಗುತ್ತದೆ. ವರ್ಷಕ್ಕೊಮ್ಮೆ ಅಳೆಯುವ ಸಿಬ್ಬಂದಿ ಇಲ್ಲದ ಕಡೆ ಅದಕ್ಕೆ ಕೈಹಾಕಬಾರದು. ಅಗ್ಗ ಅಂದರೆ ಕಳಪೆಯಲ್ಲ. ವಿಯೆಟ್ನಾಂ ಜನರ, ಸ್ಥಳೀಯ ಸಂಸ್ಥೆಗಳ, ಸರ್ಕಾರದ ಹಣ ಕೂಡಿಸಿ ಬಹುಬೇಗ ಹಳ್ಳಿಗಳನ್ನು ಮುಟ್ಟಿತು. ಊರವರೇ ಎಳೆದುಕೊಂಡ ತೆಳುತಂತಿಯ ಜಾಲಗಳಲ್ಲಿ ನಷ್ಟ ವಿಪರೀತವಾಗಿ, ಅವನ್ನು ಮತ್ತೆ ಕಟ್ಟಿ ರಾಷ್ಟ್ರೀಯ ಕಂಪನಿಗೆ ವಹಿಸಲು ಮುಂದೆ ಇನ್ನೊಂದು ಸುತ್ತು ಸಾಲ ಬೇಕಾಯಿತು.

ಈಗ ನಮ್ಮ ಬೇಡಿಕೆಗಳು, ಆಯಾ ಹೊಣೆಯವರಿಗೆ.

ಹಣಕಾಸು ಸಚಿವರೆ, ಸರ್ಕಾರಿ ಕಚೇರಿ, ನೀರಿನ ಪಂಪು, ಬೀದಿದೀಪಗಳ ವಿದ್ಯುತ್ ಬಾಕಿಯನ್ನು ಇಲಾಖೆಗಳ ಅನುದಾನದಲ್ಲೇ ಹಿಡಿದು ನೇರವಾಗಿ ವಿತರಣಾ ಕಂಪನಿಗೆ ಕಟ್ಟಿ. ಬಡವರಿಗೆ, ರೈತರಿಗೆ ಘೋಷಿಸಿದ ರಿಯಾಯಿತಿಯ ಹಣವನ್ನು ತ್ರೈಮಾಸಿಕದ ಮೊದಲೇ ಬಿಡುಗಡೆ ಮಾಡಿ. ಈ ಎರಡಕ್ಕೆ ಯಾವ ವಿದೇಶಿ ಸಾಲವೂ ಬೇಡ.

ಇಂಧನ ಸಚಿವರೆ, ವಸೂಲಾದ ಹಣವೆಲ್ಲ ಮೊದಲು ಒಂದು ಟ್ರಸ್ಟಿ ಖಾತೆಗೆ ಬೀಳಲಿ. ಅಲ್ಲಿಂದ ಹೊರಡುವ ಕ್ರಮ ಕರಾರಿನಲ್ಲಿ ಬರೆದಿರಲಿ. ನಿರ್ವಹಣೆಗೆ ನಿಗದಿಯಾದ ಪಾಲು ವಿದ್ಯುತ್ ಖರೀದಿಯ ಸಾಲಿನಲ್ಲೇ ನಿಲ್ಲಲಿ, ಅದರ ಹಿಂದೆ ಬೇಡ. ಭಾರತದ 2021ರ ವಿತರಣಾ ಸುಧಾರಣಾ ಯೋಜನೆಯಲ್ಲಿ ಸ್ಮಾರ್ಟ್ ಮೀಟರ್ ಹಾಕಿದವರಿಗೆ ತಿಂಗಳಿಗೆ ಮೀಟರಿಗಿಷ್ಟು ಎಂದು ವಸೂಲಿ ಖಾತೆಯಿಂದಲೇ ನೇರ ಸಲ್ಲುವ ಏರ್ಪಾಡಿದೆ. ಅದೇ ಏರ್ಪಾಡನ್ನು ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ಫೀಡರ್ ಕೆಲಸಕ್ಕೂ ವಿಸ್ತರಿಸಬಹುದು.

ಆಯೋಗದ ಅಧ್ಯಕ್ಷರೆ, ದರ ಆದೇಶದಲ್ಲಿ ನಿಜವಾದ ಸೋರಿಕೆಯನ್ನು ಬರೆಯಿರಿ. ಅಲ್ಲಿಂದ ವರ್ಷಕ್ಕೆ ಎಷ್ಟು ಇಳಿಸಬೇಕೆಂಬ ಗುರಿಯನ್ನೂ, ಅದಕ್ಕೆ ಒಪ್ಪಿದ ಹೂಡಿಕೆಯನ್ನೂ ಅದೇ ಆದೇಶದಲ್ಲಿ ಕೊಡಿ. ಗುರಿ ಒಂದು ಕಡೆ, ಹಣ ಇನ್ನೊಂದು ಕಡೆ ಇದ್ದರೆ ಕಂಪನಿ ಗುರಿ ಮುಟ್ಟುವುದಿಲ್ಲ, ಸಾಲವೂ ಸಿಗುವುದಿಲ್ಲ.

ಸಾಲ ಕೊಡುವ ಬ್ಯಾಂಕುಗಳೆ, ಹಣ ಬಿಡುಗಡೆಯನ್ನು ಖರ್ಚಿನ ರಸೀದಿಗೆ ಕಟ್ಟುವ ಬದಲು ಫೀಡರ್ ಮೀಟರಿನಲ್ಲಿ ಅಳೆದ ಸೋರಿಕೆಗೆ, ಚಾಲೂ ಆದ ಲೈನಿಗೆ ಕಟ್ಟಿ. ನಿಮ್ಮ ಖಾತರಿಗಳನ್ನು ಉತ್ಪಾದಕರಿಗೆ ಕೊಟ್ಟಷ್ಟೇ ಧಾರಾಳವಾಗಿ ಲೈನುಗಳಿಗೂ ಕೊಡಿ. ಆದಷ್ಟೂ ಸಾಲಪಡೆಯುವ ದೇಶದ ನಾಣ್ಯದಲ್ಲೇ ಕೊಡಿ.

ಎಲ್ಲರಿಗೂ ಸೇರಿ ಒಂದು ಕೋರಿಕೆ. ಮುಂದಿನ ಜಾಲ ಯೋಜನೆಯ ಪಟ್ಟಿಯಲ್ಲಿ ಪ್ರತಿ ಕೆಲಸದ ಎದುರಿಗೆ ಮೂರು ಅಂಕಣ ಹಾಕಿ: ಬಿಲ್ಲಿನಿಂದ ಎಷ್ಟು, ತೆರಿಗೆಯಿಂದ ಎಷ್ಟು, ದಾನದಿಂದ ಎಷ್ಟು, ಪ್ರತಿಯೊಂದೂ ಯಾವ ವರ್ಷದಿಂದ ಯಾವ ವರ್ಷದವರೆಗೆ. ಮೂರೂ ಅಂಕಣ ಖಾಲಿ ಉಳಿದ ಕೆಲಸಕ್ಕೆ ಸಾಲ ಕೇಳಬೇಡಿ, ಕೊಡಲೂ ಬೇಡಿ. ಪಟ್ಟಿಯನ್ನು ಸಾಲದ ಅರ್ಜಿ ಹೊರಡುವ ಮೊದಲೇ, ಬಿಲ್ ಕಟ್ಟುವವರು ಓದಿ ತಕರಾರು ಎತ್ತಲು ಸಮಯ ಸಿಗುವಂತೆ, ಅವರ ಭಾಷೆಯಲ್ಲಿ ಪ್ರಕಟಿಸಿ.

ಇಂತಿ,
ವಿದ್ಯುತ್ ಜಾಲದ ಯೋಜನೆ, ನಿರ್ಮಾಣ ಮತ್ತು ಹಣಕಾಸಿನ ಕೆಲಸದಲ್ಲಿರುವವರು